ಹಡಗಿನ ತಪಾಸಣೆ



ನಮ್ಮ ತುಮಕೂರು ಜಿಲ್ಲೆಗೆ ಸಮುದ್ರವಿಲ್ಲ. ಮರಳೂರು ಕೆರೆ, ಅಮಾನಿಕೆರೆ, ಕುಣಿಗಲ್ಲಿನ ದೊಡ್ಡಕೆರೆ, ನಾವು ಬಾಲ್ಯದಲ್ಲಿ ಕಂಡ ದೊಡ್ಡ ನೀರು ಇಷ್ಟೇ. ಕಾರವಾರ ಇಲ್ಲಿಂದ ನಾನೂರು ಕಿಲೋಮೀಟರಿಗೂ ಆಚೆ ಇದೆ. ಆದರೂ ಇವತ್ತು ನಾನು ಯುದ್ಧನೌಕೆಗಳ ತಪಾಸಣೆಯ ವಿಷಯ ಹೇಳಬೇಕೆಂದು ಬಂದಿದ್ದೇನೆ. ಈ ಊರುಗಳಿಂದಲೂ ಹುಡುಗರು ನೌಕಾಪಡೆಗೆ ಸೇರುತ್ತಾರೆ, ಈಗೀಗ ಹೆಣ್ಣುಮಕ್ಕಳೂ ಸೇರುತ್ತಿದ್ದಾರೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಯಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಎದ್ದು ನಿಂತಿದೆ. 2023ರ ಫೆಬ್ರುವರಿ 6ರಂದು ಅದರ ಉದ್ಘಾಟನೆಯಾಯಿತು. 1954ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಶುರುವಾದ ಬಿಇಎಲ್, ಹಡಗುಗಳ ರಾಡಾರು, ಸೋನಾರುಗಳನ್ನು ಮಾಡಿಕೊಡುತ್ತಾ ಬಂದಿದೆ. ಸಮುದ್ರ ದೂರವಿರಬಹುದು, ಸಮುದ್ರಕ್ಕೆ ಹೋಗುವ ಜನ ಮತ್ತು ಸಾಮಾನು ನಮ್ಮ ಕಡೆಯಿಂದಲೇ ಹೋಗುತ್ತವೆ. ನಾನೂ ಹಾಗೆ ಹೋದವನೇ. ಹಡಗಿನ ವಿದ್ಯುತ್ ವಿಭಾಗದಲ್ಲಿ ದುಡಿದು, ನಿವೃತ್ತಿಯಾಗಿ, ಈಗ ಮರಳೂರಿನಲ್ಲಿ ಮನೆ ಮಾಡಿಕೊಂಡಿದ್ದೇನೆ.

ಹೆದ್ದಾರಿಯಲ್ಲಿ ಲಾರಿ ಓಡಿಸುವವರಿಗೆ ಎಫ್‌ಸಿ ಎಂದರೇನು ಎಂದು ಹೇಳಿಕೊಡಬೇಕಾಗಿಲ್ಲ. ಬ್ರೇಕು, ದೀಪ, ಟೈರು ಎಲ್ಲ ಸರಿಯಿದೆಯೇ ಎಂದು ನೋಡಿ ಮೊಹರು ಹಾಕಿಕೊಡುತ್ತಾರೆ. ಎಫ್‌ಸಿ ದಿನಕ್ಕೆಂದು ಬಣ್ಣ ಬಳಿದು, ಬೇರೆ ಲಾರಿಯ ಒಳ್ಳೆಯ ಟೈರು ಹಾಕಿಸಿಕೊಂಡು ಹೋಗುವವರೂ ಇದ್ದಾರೆ. ಮೊಹರು ಬೀಳುತ್ತದೆ. ದೇವರಾಯನದುರ್ಗದ ಇಳಿಜಾರಿನಲ್ಲಿ ಬ್ರೇಕು ಹಿಡಿಯದೆ ಹೋದಾಗ ಆ ಮೊಹರು ಯಾರನ್ನೂ ಕಾಪಾಡುವುದಿಲ್ಲ. ಹಡಗಿನ ತಪಾಸಣೆಯಲ್ಲೂ ಇದೇ ಪ್ರಶ್ನೆ ಇದೆ. ಒಂದೇ ವ್ಯತ್ಯಾಸವೆಂದರೆ, ಅಲ್ಲಿ ಒಂದು ಲೋಹದ ಗೋಡೆಯೊಳಗೆ ನೂರಾರು ಜನ ಇರುತ್ತಾರೆ, ಸುತ್ತ ನೀರಿರುತ್ತದೆ, ಇಳಿದು ನಿಲ್ಲಲು ರಸ್ತೆಬದಿ ಇರುವುದಿಲ್ಲ.

ಹೊಸ ಹಡಗು ಸೇವೆಗೆ ಬಂದಾಗ, ಅಥವಾ ದೊಡ್ಡ ದುರಸ್ತಿ ಮುಗಿಸಿ ಹೊರಟಾಗ, ಅದನ್ನು ನೇರವಾಗಿ ಕಾವಲಿಗೆ ಕಳಿಸುವುದಿಲ್ಲ. ಮೊದಲು ಹಡಗುಕಟ್ಟೆಯಲ್ಲೇ ಯಂತ್ರಗಳ ಪರೀಕ್ಷೆ, ಆಮೇಲೆ ಸಮುದ್ರದಲ್ಲಿ ಪರೀಕ್ಷೆ. ಅದಾದ ಮೇಲೆ ‘ವರ್ಕ್ ಅಪ್’ ಎನ್ನುವ ಕಠಿಣ ಅಭ್ಯಾಸ. ನಮ್ಮ ನೌಕಾಪಡೆಯಲ್ಲಿ ಇದಕ್ಕೆ ಫ್ಲ್ಯಾಗ್ ಆಫೀಸರ್ ಸೀ ಟ್ರೈನಿಂಗ್ ಎಂಬ ಹಿರಿಯ ಅಧಿಕಾರಿಯ ಕಚೇರಿಯೇ ಇದೆ. ಕೊಚ್ಚಿಯಲ್ಲಿ, ದಕ್ಷಿಣ ನೌಕಾ ಕಮಾಂಡಿನಡಿ. ಅಲ್ಲಿಂದ ಬರುವ ತಂಡದವರು ಕಾಗದ ನೋಡುತ್ತಾರೆ, ನಿಜ. ಆದರೆ ಹೆಚ್ಚು ಹೊತ್ತು ಅವರು ಕಳೆಯುವುದು ಇಂಜಿನ್ ಕೋಣೆಯಲ್ಲಿ, ಮೊಣಕಾಲೂರಿ ನುಸುಳಬೇಕಾದ ಕಿರಿದಾದ ಜಾಗಗಳಲ್ಲಿ.

ಒಂದು ಉದಾಹರಣೆ ಕೊಡುತ್ತೇನೆ. ಹಡಗನ್ನು ನೀರು ನುಗ್ಗದ ಅನೇಕ ಕೋಣೆಗಳಾಗಿ ವಿಂಗಡಿಸಿರುತ್ತಾರೆ. ಒಂದು ಕೋಣೆಗೆ ನೀರು ನುಗ್ಗಿದರೂ ಬಾಗಿಲು ಬಿಗಿಯಾಗಿದ್ದರೆ ಹಡಗು ತೇಲುತ್ತದೆ. ಆ ಬಾಗಿಲಿನ ಅಂಚಿನಲ್ಲಿ ರಬ್ಬರಿನ ಪಟ್ಟಿ, ಚೌಕಟ್ಟಿನಲ್ಲಿ ಚೂಪಾದ ಉಕ್ಕಿನ ಅಂಚು. ತಪಾಸಣೆಗೆ ಬಂದವರು ಶಾಲೆಯಲ್ಲಿ ಬಳಸುವಂಥ ಸೀಮೆಸುಣ್ಣವನ್ನು ಆ ಉಕ್ಕಿನ ಅಂಚಿಗೆ ಸುತ್ತಲೂ ಉಜ್ಜುತ್ತಾರೆ. ಬಾಗಿಲು ಮುಚ್ಚಿ, ಹಿಡಿಗಳನ್ನು ಬಿಗಿದು, ಮತ್ತೆ ತೆರೆಯುತ್ತಾರೆ. ರಬ್ಬರಿನ ಮೇಲೆ ಬಿಳಿ ಗೆರೆ ಎಲ್ಲೂ ಕಡಿಯದೆ ಮೂಡಿರಬೇಕು. ನಾಲ್ಕು ಬೆರಳಿನಷ್ಟು ಜಾಗದಲ್ಲಿ ಗೆರೆ ಇಲ್ಲದಿದ್ದರೆ, ನೀರು ಒಳಗೆ ಬರುವ ದಾರಿ ಅದೇ. ದಾಖಲೆ ಪುಸ್ತಕದಲ್ಲಿ ‘ಬಾಗಿಲು ಸುಸ್ಥಿತಿಯಲ್ಲಿದೆ’ ಎಂದು ಯಾರು ಬರೆದು ಸಹಿ ಹಾಕಿದ್ದರೂ ಸೀಮೆಸುಣ್ಣ ಅದನ್ನು ಒಪ್ಪುವುದಿಲ್ಲ. ಈ ಪರೀಕ್ಷೆಯ ಮೇಲೆ ನನಗೆ ಇವತ್ತಿಗೂ ತುಂಬಾ ಗೌರವ. ಎರಡು ರೂಪಾಯಿಯ ಸೀಮೆಸುಣ್ಣದಲ್ಲಿ ನೂರು ಜನರ ಜೀವದ ಲೆಕ್ಕ ಸಿಗುತ್ತದೆ.

ನನ್ನ ವಿಭಾಗದಲ್ಲಿ ಮೆಗ್ಗರ್ ಎಂಬ ಉಪಕರಣವಿತ್ತು. ತಂತಿಯ ಮೇಲಿನ ಹೊದಿಕೆ ಗಟ್ಟಿಯಾಗಿದೆಯೇ, ವಿದ್ಯುತ್ ಸೋರುತ್ತಿದೆಯೇ ಎಂದು ಅಳೆಯುವುದು ಅದರ ಕೆಲಸ. ಉಪ್ಪುಗಾಳಿ ತಂತಿಗೆ ದೊಡ್ಡ ಶತ್ರು. ಮಳೆಗಾಲದಲ್ಲಿ ತೇವ ಹಿಡಿದ ಮೋಟರಿನ ಅಳತೆ ದಿನದಿನಕ್ಕೂ ಇಳಿಯುವುದನ್ನು ಪುಸ್ತಕದಲ್ಲಿ ನೋಡಿದರೆ, ಅದು ಸುಡುವ ಮೊದಲೇ ಬಿಚ್ಚಿ ಒಣಗಿಸಬಹುದು. ಅಳೆಯದೆಯೇ ನಿನ್ನೆಯ ಅಂಕಿ ಇವತ್ತೂ ಬರೆದರೆ ಪುಸ್ತಕ ಚೆನ್ನಾಗಿ ಕಾಣುತ್ತದೆ, ಮೋಟರು ಸುಡುತ್ತದೆ.

ಇನ್ನು ಬೆಂಕಿಯ ಅಭ್ಯಾಸ. ತಂಡದವರು ಮುನ್ಸೂಚನೆ ಕೊಡದೆ ‘ಇಂಜಿನ್ ಕೋಣೆಯಲ್ಲಿ ಬೆಂಕಿ’ ಎಂದು ಕೂಗಿಸುತ್ತಾರೆ. ದೀಪ ಆರಿಸುತ್ತಾರೆ. ಉಸಿರಾಟದ ಸಿಲಿಂಡರು ಹೊತ್ತು, ಮುಖವಾಡ ಹಾಕಿ, ಕತ್ತಲಲ್ಲಿ ಏಣಿ ಇಳಿಯಬೇಕು. ಪಕ್ಕದ ಕೋಣೆಯ ಗೋಡೆಗೆ ಬೇರೆ ಗುಂಪು ನೀರು ಹಾಯಿಸುತ್ತಿರಬೇಕು, ಯಾಕೆಂದರೆ ಉಕ್ಕಿನ ಗೋಡೆ ಕಾದರೆ ಆಚೆ ಬದಿಯ ಬಣ್ಣವೂ ಹೊತ್ತಿಕೊಳ್ಳುತ್ತದೆ. ಅಷ್ಟರಲ್ಲಿ ಮುಂದಾಳುವಿನ ಹೆಗಲು ತಟ್ಟಿ ‘ನೀವು ಗಾಯಗೊಂಡಿದ್ದೀರಿ, ಮಲಗಿ’ ಎನ್ನುತ್ತಾರೆ. ಈಗ ಎರಡನೆಯವನು ಮುಂದೆ ಬರಬೇಕು. ಅವನಿಗೆ ಕೆಲಸ ಗೊತ್ತಿದೆಯೇ? ತಪಾಸಣೆ ಮಾಡುವವರಿಗೆ ಬೇಕಾಗಿರುವುದು ಆ ಉತ್ತರ.

ಈ ಅಭ್ಯಾಸದ ಬೆಲೆ ಏನೆಂದು ಕಾರವಾರದಲ್ಲೇ ಕಂಡಿತು. 1986ರಲ್ಲಿ ಶಂಕುಸ್ಥಾಪನೆಯಾದ ಸೀಬರ್ಡ್ ಯೋಜನೆಯಡಿ, 2005ರ ಮೇ 31ರಂದು ಐಎನ್‌ಎಸ್ ಕದಂಬ ನೌಕಾನೆಲೆ ಸೇವೆಗೆ ಬಂತು. ಬನವಾಸಿಯ ಕದಂಬರ ಹೆಸರು ಹೊತ್ತ ನೆಲೆ ಅದು.  2019ರ ಏಪ್ರಿಲ್ 26ರಂದು, ವಿಮಾನವಾಹಕ ನೌಕೆ ಐಎನ್‌ಎಸ್ ವಿಕ್ರಮಾದಿತ್ಯ ಕಾರವಾರ ಬಂದರನ್ನು ಪ್ರವೇಶಿಸುತ್ತಿದ್ದಾಗ ಒಳಗೆ ಬೆಂಕಿ ಹೊತ್ತಿಕೊಂಡಿತು. ಲೆಫ್ಟಿನೆಂಟ್ ಕಮಾಂಡರ್ ಡಿ. ಎಸ್. ಚೌಹಾಣ್ ಮುಂದಾಗಿ ನಿಂತು ಬೆಂಕಿ ಆರಿಸಲು ಇಳಿದರು. ಬೆಂಕಿ ಹತೋಟಿಗೆ ಬಂತು, ಹಡಗಿನ ಯುದ್ಧಸಾಮರ್ಥ್ಯಕ್ಕೆ ದೊಡ್ಡ ಪೆಟ್ಟು ಬೀಳಲಿಲ್ಲ. ಆದರೆ ಹೊಗೆಯಲ್ಲಿ ಪ್ರಜ್ಞೆ ತಪ್ಪಿದ ಚೌಹಾಣ್ ಕಾರವಾರದ ನೌಕಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಮದುವೆಯಾಗಿ ಎರಡು ತಿಂಗಳೂ ತುಂಬಿರಲಿಲ್ಲ. ತಪಾಸಣೆ ಎಂಬ ಒಣ ಮಾತಿನ ಹಿಂದೆ ಇಂಥ ಜೀವಗಳಿವೆ ಎಂಬುದನ್ನು ನಾನು ಯಾವತ್ತೂ ಮರೆಯಲಾರೆ.

ತಪಾಸಣೆಯೇ ಅಪಾಯದ ಗಳಿಗೆಯೂ ಆಗಬಹುದು. 2014ರ ಫೆಬ್ರುವರಿ 26ರಂದು ಜಲಾಂತರ್ಗಾಮಿ ಐಎನ್‌ಎಸ್ ಸಿಂಧುರತ್ನ, ಮುಂಬೈಯಲ್ಲಿ ದುರಸ್ತಿ ಮುಗಿಸಿ, ಪರೀಕ್ಷೆಗೆಂದು ಸಮುದ್ರಕ್ಕಿಳಿದಿತ್ತು. ಜಲಾಂತರ್ಗಾಮಿಗಳ ಹಿರಿಯ ಕಮೋಡೋರ್ ಅದರೊಳಗೇ ಇದ್ದರು. ಹೊಗೆ ಎದ್ದಿತು. ಇಬ್ಬರು ಅಧಿಕಾರಿಗಳು ಮಡಿದರು. ಅದಕ್ಕೆ ಆರು ತಿಂಗಳ ಮೊದಲು ಇನ್ನೊಂದು ಜಲಾಂತರ್ಗಾಮಿ ಸಿಂಧುರಕ್ಷಕ್ ಮುಂಬೈ ಕಟ್ಟೆಯಲ್ಲೇ ಸ್ಫೋಟಗೊಂಡು 18 ಜನ ಸತ್ತಿದ್ದರು. ಸಿಂಧುರತ್ನದ ಅವಘಡದ ದಿನವೇ ನೌಕಾಪಡೆಯ ಮುಖ್ಯಸ್ಥ ಅಡ್ಮಿರಲ್ ಡಿ. ಕೆ. ಜೋಶಿ ನೈತಿಕ ಹೊಣೆ ಹೊತ್ತು ರಾಜೀನಾಮೆ ಕೊಟ್ಟರು. ಕೆಳಗಿನವರ ಮೇಲೆ ಹೊರಿಸಿ ಕೈತೊಳೆದುಕೊಳ್ಳಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ನನ್ನ ದೃಷ್ಟಿಯಲ್ಲಿ ಅದು ನಮ್ಮ ಸೈನಿಕ ಚರಿತ್ರೆಯ ದೊಡ್ಡ ನಡೆಗಳಲ್ಲಿ ಒಂದು.

ತಪಾಸಣೆ ಕಾಟಾಚಾರಕ್ಕೆ ಆದರೆ ಏನಾಗುತ್ತದೆ ಎಂಬುದನ್ನು ನೋಡಲು ಅಮೆರಿಕದ ಕಡೆ ತಿರುಗಬೇಕು. ಅಲ್ಲಿ ಹಡಗು ತಪಾಸಣೆಗೆಂದೇ 1868ರಿಂದ ಒಂದು ಮಂಡಳಿ ಇದೆ. ಅಷ್ಟು ಹಳೆಯ ಪದ್ಧತಿ ಇದ್ದ ದೇಶದಲ್ಲೇ, 2020ರ ಜುಲೈ 12ರಂದು ಸ್ಯಾನ್ ಡಿಯೇಗೊ ಬಂದರಿನಲ್ಲಿ ದುರಸ್ತಿಗೆ ನಿಂತಿದ್ದ ಬಾನಮ್ ರಿಚರ್ಡ್ ಎಂಬ ಬೃಹತ್ ನೌಕೆಗೆ ಬೆಂಕಿ ಬಿತ್ತು. ನಾಲ್ಕು ದಿನಕ್ಕೂ ಹೆಚ್ಚು ಉರಿಯಿತು. ತನಿಖೆಯಲ್ಲಿ ತಿಳಿದದ್ದು: ಅದಕ್ಕೆ ಹಿಂದಿನ 14 ಅಗ್ನಿ ಅಭ್ಯಾಸಗಳಲ್ಲಿ ಸತತವಾಗಿ, ನಿಗದಿತ ಸಮಯದೊಳಗೆ ಬೆಂಕಿಯ ಮೂಲಕ್ಕೆ ಆರಿಸುವ ದ್ರವ್ಯ ಹಾಯಿಸಲು ಸಿಬ್ಬಂದಿಗೆ ಆಗಿರಲಿಲ್ಲ. ಬೆಂಕಿಯ ಮೇಲೆ ನೊರೆ ಹಾಯಿಸುವ ವ್ಯವಸ್ಥೆಯನ್ನು ಒಂದು ಗುಂಡಿ ಒತ್ತಿ ಚಾಲೂ ಮಾಡಬಹುದಿತ್ತು. ಬೆಂಕಿಯ ದಿನ ಅದನ್ನು ಒತ್ತಲಿಲ್ಲ. ಉಪಕರಣ ಲೆಕ್ಕಕ್ಕುಂಟು, ಆಟಕ್ಕಿಲ್ಲ. 14 ಸಲ ಅನುತ್ತೀರ್ಣರಾದ ವಿಷಯ ದಾಖಲೆಯಲ್ಲಿತ್ತು. ಅದನ್ನು ಓದಿ ಎದ್ದು ಓಡಬೇಕಾದವರು ಓಡಲಿಲ್ಲ. ಹಡಗನ್ನು ಕೊನೆಗೆ ಗುಜರಿಗೆ ಮಾರಿದರು.

ಇಷ್ಟು ಹೊತ್ತು ಕಬ್ಬಿಣ, ನೀರು, ಬೆಂಕಿಯ ಮಾತಾಯಿತು. ಈಗ ಕಣ್ಣಿಗೆ ಕಾಣದ ವಿಷಯಕ್ಕೆ ಬರುತ್ತೇನೆ. ಯುದ್ಧನೌಕೆ ಎಂದರೆ ಇವತ್ತು ತೇಲುವ ಎಲೆಕ್ಟ್ರಾನಿಕ್ ಯಂತ್ರ. ರಾಡಾರು ಬೀರುವ ಅಲೆ, ರೇಡಿಯೊ ಮಾತು, ಉಪಗ್ರಹದ ಸಂಪರ್ಕ, ಇವೆಲ್ಲ ಹಡಗು ಎಲ್ಲಿದೆ ಎಂದು ಶತ್ರುವಿಗೆ ಹೇಳಿಕೊಡುವ ಸಾಧನಗಳೂ ಹೌದು. ಆದ್ದರಿಂದ ತಪಾಸಣೆಯಲ್ಲಿ ಎರಡು ಪ್ರಶ್ನೆ: ಉಪಕರಣ ಕೆಲಸ ಮಾಡುತ್ತದೆಯೇ? ಬೇಡದಾಗ ಬಾಯಿ ಮುಚ್ಚಿಕೊಂಡಿರುತ್ತದೆಯೇ?

1971ರ ಡಿಸೆಂಬರ್ 4ರ ರಾತ್ರಿ ನಮ್ಮ ಪುಟ್ಟ ಕ್ಷಿಪಣಿ ದೋಣಿಗಳು ಕರಾಚಿಯ ಮೇಲೆ ದಾಳಿ ಮಾಡಿದವು. ದೋಣಿಗಳು ಸೋವಿಯತ್ ದೇಶದವು, ನಮ್ಮ ಅಧಿಕಾರಿಗಳು ಅಲ್ಲೇ ತರಬೇತಿ ಪಡೆದವರು. ಕದ್ದು ಕೇಳುವವರಿಗೆ ಗೊತ್ತಾಗದಿರಲೆಂದು ರೇಡಿಯೊದಲ್ಲಿ ಅವರು ರಷ್ಯನ್ ಭಾಷೆಯಲ್ಲೇ ಮಾತಾಡಿಕೊಂಡರು. ಇವತ್ತಿನ ಗೂಢಲಿಪಿ ಯಂತ್ರಗಳ ಮುಂದೆ ಅದು ಸರಳ ಉಪಾಯ, ಆದರೆ ಆ ರಾತ್ರಿಗೆ ಸಾಕಾಯಿತು. ಅದೇ ಬಗೆಯ ಕ್ಷಿಪಣಿ ದೋಣಿ ಐಎನ್‌ಎಸ್ ಚಪಲ್ ಈಗ ಕಾರವಾರದ ಟಾಗೋರ್ ಕಡಲತೀರದಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿದೆ. ಗೋಕರ್ಣಕ್ಕೋ ಮುರುಡೇಶ್ವರಕ್ಕೋ ಹೋದವರು ಕಾರವಾರದವರೆಗೂ ಹೋಗಿ, ಅದರೊಳಗೆ ತಲೆ ಬಗ್ಗಿಸಿ ಇಳಿದು ನೋಡಬೇಕು. ಅಂಥ ಇಕ್ಕಟ್ಟಿನಲ್ಲಿ ಜನ ಯುದ್ಧ ಮಾಡಿದ್ದಾರೆ.

ಉಪಕರಣಗಳು ಒಂದಕ್ಕೊಂದು ಅಡ್ಡ ಬರುತ್ತವೆಯೇ ಎಂದು ನೋಡುವುದೂ ತಪಾಸಣೆಯ ಭಾಗ. 1982ರ ಮೇ 4ರಂದು ಫಾಕ್‌ಲೆಂಡ್ ಯುದ್ಧದಲ್ಲಿ ಬ್ರಿಟನ್ನಿನ ಶೆಫೀಲ್ಡ್ ಹಡಗು ಉಪಗ್ರಹದ ಮೂಲಕ ಸಂದೇಶ ಕಳಿಸುತ್ತಿತ್ತು. ಆ ಹೊತ್ತಿಗೆ ಶತ್ರು ರಾಡಾರನ್ನು ಹಿಡಿಯುವ ಅದರ ಉಪಕರಣ ಆ ಅಲೆಗಳ ಗದ್ದಲದಲ್ಲಿ ಕುರುಡಾಗಿತ್ತು. ಕ್ಷಿಪಣಿ ಬಂದು ಬಡಿಯಿತು. ಬೆಂಕಿ ಆರಿಸುವ ನೀರಿನ ಮುಖ್ಯ ಕೊಳವೆಯೂ ಒಡೆದುಹೋಯಿತು. 20 ಜನ ಸತ್ತರು. ಸಂದೇಶ ಕಳಿಸುವ ಉಪಕರಣ, ರಾಡಾರು ಹಿಡಿಯುವ ಉಪಕರಣ, ಎರಡೂ ಒಂದಕ್ಕೊಂದು ಅಡ್ಡ ಬಂದಿದ್ದವು.

ನಂತರ ಗಣಕಯಂತ್ರ ಬಂತು, ಅದರ ಹಿಂದೆಯೇ ಹೊಸ ಕಳವೂ ಬಂತು. ಹಡಗಿನ, ನೆಲೆಯ ಮುಖ್ಯ ಗಣಕಗಳಿಗೆ ಇಂಟರ್ನೆಟ್ ಸಂಪರ್ಕವೇ ಇರುವುದಿಲ್ಲ. ಹಾಗಾಗಿ ಹೊರಗಿನಿಂದ ನುಸುಳಲು ಸಾಧ್ಯವಿಲ್ಲ ಎಂಬ ನಂಬಿಕೆ ಇತ್ತು. 2012ರಲ್ಲಿ ಪೂರ್ವ ನೌಕಾ ಕಮಾಂಡಿನ ಗಣಕಗಳಲ್ಲಿ ದುಷ್ಟ ತಂತ್ರಾಂಶ ಹೊಕ್ಕ ವರದಿ ಬಂದಾಗ ಆ ನಂಬಿಕೆ ಕುಸಿಯಿತು. ಪೆನ್‌ಡ್ರೈವ್ ಮೂಲಕ ಅದು ಒಳಗೆ ಬಂದಿತ್ತು. ಕಡತಗಳನ್ನು ಮೆಲ್ಲಗೆ ಅದೇ ಪೆನ್‌ಡ್ರೈವಿಗೆ ತುಂಬಿಕೊಂಡು, ಇಂಟರ್ನೆಟ್ ಇರುವ ಬೇರೆ ಗಣಕಕ್ಕೆ ಚುಚ್ಚಿದಾಗ ಹೊರಗೆ ಕಳಿಸುತ್ತಿತ್ತು. ಎರಡು ಗಣಕಗಳ ನಡುವೆ ತಂತಿಯಿರಲಿಲ್ಲ, ಒಬ್ಬ ಮನುಷ್ಯನ ಜೇಬಿತ್ತು.

2019ರಲ್ಲಿ ಕೊಚ್ಚಿಯ ಕಟ್ಟೆಯಲ್ಲಿ ಕಟ್ಟುತ್ತಿದ್ದ ವಿಕ್ರಾಂತ್ ಹಡಗಿನಲ್ಲಿ, ಯಂತ್ರಗಳನ್ನು ನಿಯಂತ್ರಿಸುವ ಗಣಕಗಳ ಹಾರ್ಡ್‌ಡಿಸ್ಕು ಮೊದಲಾದ ಭಾಗಗಳನ್ನೇ ಕಿತ್ತುಕೊಂಡು ಹೋಗಿದ್ದರು. ದೊಡ್ಡ ಗೂಢಚಾರಿಕೆ ಇರಬಹುದೆಂದು ರಾಷ್ಟ್ರೀಯ ತನಿಖಾ ಸಂಸ್ಥೆ ಎನ್‌ಐಎ ತನಿಖೆಗಿಳಿಯಿತು. ಸಾವಿರಾರು ಬೆರಳಚ್ಚು ತಾಳೆ ನೋಡಿದ ಮೇಲೆ, 2020ರ ಜೂನಿನಲ್ಲಿ ಸಿಕ್ಕವರು ಹಡಗಿಗೆ ಬಣ್ಣ ಬಳಿಯಲು ಗುತ್ತಿಗೆಯ ಮೇಲೆ ಬಂದಿದ್ದ ಇಬ್ಬರು. ದುಡ್ಡಿಗಾಗಿ ಕದ್ದಿದ್ದರು. ಹಡಗು ಕಟ್ಟುವಾಗ, ದುರಸ್ತಿಯಲ್ಲಿದ್ದಾಗ ನೂರಾರು ಹೊರಗಿನವರು ಬಂದುಹೋಗುತ್ತಾರೆ. ಕೋಟಿಗಟ್ಟಲೆ ಬೆಲೆಯ ರಾಡಾರಿಗೆ ಕೊಡುವ ಗಮನವನ್ನು ಬಾಗಿಲಲ್ಲಿ ಪಾಸು ನೋಡುವವನ ಕೆಲಸಕ್ಕೂ ಕೊಡಬೇಕು ಎಂದು ನಾನು ಹೇಳುವುದು ಇದಕ್ಕೇ.

ನಿಯಮ ಮುರಿಯುವವರು ಯಾವಾಗಲೂ ಹೊರಗಿನವರೇ ಎಂದೂ ಅಲ್ಲ. 2023ರಲ್ಲಿ ಅಮೆರಿಕದ ಮ್ಯಾಂಚೆಸ್ಟರ್ ಎಂಬ ಯುದ್ಧನೌಕೆಯ ಕೆಲವು ಹಿರಿಯ ನಾವಿಕರು ಸಿನಿಮಾ ನೋಡಲು, ಮನೆಗೆ ಸಂದೇಶ ಕಳಿಸಲು, ಡೆಕ್ಕಿನ ಮೇಲೆ ಗುಟ್ಟಾಗಿ ಸ್ಟಾರ್‌ಲಿಂಕ್ ತಟ್ಟೆಯನ್ನೇ ಜೋಡಿಸಿ ವೈಫೈ ನಡೆಸಿದರು. ಅನುಮಾನ ಬಂದು ಹಡಗಿನೊಳಗೆ ಹುಡುಕಿಸಿದರೂ ಸಿಗಲಿಲ್ಲ. ಕೊನೆಗೆ ಬೇರೆ ಉಪಕರಣ ಜೋಡಿಸಲು ಹತ್ತಿದ ತಂತ್ರಜ್ಞನ ಕಣ್ಣಿಗೆ ಅದು ಬಿತ್ತು. ಕಿರಿಯರಿಗೆ ನಿಯಮ ಹೇಳಿಕೊಡಬೇಕಾದವರೇ ಅದನ್ನು ಮಾಡಿದ್ದು ನನಗೆ ತುಂಬಾ ನೋವು ತಂದ ಸಂಗತಿ.

ನಮ್ಮ ರಾಜ್ಯದ ಕರಾವಳಿಗೇ ಬರೋಣ. 2019ರ ಡಿಸೆಂಬರಿನಲ್ಲಿ ವಿಶಾಖಪಟ್ಟಣ, ಮುಂಬೈ, ಕಾರವಾರಗಳಿಂದ ನೌಕಾಪಡೆಯ ಏಳು ಮಂದಿ ಸಿಬ್ಬಂದಿಯನ್ನು ಬಂಧಿಸಿದರು. ಫೇಸ್‌ಬುಕ್‌ನಲ್ಲಿ ಹೆಣ್ಣಿನ ಹೆಸರಿನಲ್ಲಿ ಗೆಳೆತನ ಬೆಳೆಸಿದವರಿಗೆ ಹಡಗು, ಜಲಾಂತರ್ಗಾಮಿಗಳ ಓಡಾಟದ ವಿವರ ಕೊಟ್ಟ ಆರೋಪ ಅವರ ಮೇಲಿತ್ತು. ಆ ತಿಂಗಳ ಕೊನೆಗೇ ಹಡಗು, ನೌಕಾನೆಲೆ, ಹಡಗುಕಟ್ಟೆಗಳಲ್ಲಿ ಸ್ಮಾರ್ಟ್‌ಫೋನು ನಿಷೇಧವಾಯಿತು, ಫೇಸ್‌ಬುಕ್ಕೂ ಬೇಡವೆಂದಾಯಿತು. 2025ರ ಫೆಬ್ರುವರಿಯಲ್ಲಿ ಎನ್‌ಐಎ ಉತ್ತರ ಕನ್ನಡದ ಇಬ್ಬರನ್ನು ಬಂಧಿಸಿತು. ಕಾರವಾರ ನೆಲೆಯ ವಿವರಗಳನ್ನು ಹಣಕ್ಕೆ ಪಾಕಿಸ್ತಾನದ ಏಜೆಂಟರಿಗೆ ಕಳಿಸಿದರೆಂಬುದು ಆರೋಪ. ತಪ್ಪೋ ಒಪ್ಪೋ ಹೇಳುವುದು ನ್ಯಾಯಾಲಯದ ಕೆಲಸ. ನನಗೆ ಮುಖ್ಯವಾಗಿ ಕಾಣುವುದು, ಈ ಪ್ರಕರಣಗಳಲ್ಲಿ ಯಾರೂ ಗೂಢಲಿಪಿಯನ್ನು ಒಡೆಯಲಿಲ್ಲ, ಯಂತ್ರದೊಳಕ್ಕೆ ನುಗ್ಗಲಿಲ್ಲ ಎಂಬುದು. ಒಂದು ಸ್ನೇಹದ ಕೋರಿಕೆ, ನಾಲ್ಕು ಸಿಹಿ ಮಾತು, ಖಾತೆಗೆ ಒಂದಿಷ್ಟು ದುಡ್ಡು. ಮೆಗ್ಗರಿನಲ್ಲಿ ಅಳೆಯಲು ಬಾರದ ಸೋರಿಕೆ ಇದು.

ನಮ್ಮ ಬೀದಿಯ ತಾಯಿಯೊಬ್ಬರು ಮೊನ್ನೆ ಕೇಳಿದರು: “ಅಣ್ಣಾ, ನನ್ನ ಮಗ ಹಡಗು ಹತ್ತಿದ ಮೇಲೆ ಫೋನೇ ಎತ್ತಲ್ಲ. ಯಾವಾಗ ಬರ್ತೀಯೋ ಅಂದ್ರೆ ಹೇಳಲ್ಲ. ಹೆತ್ತವಳಿಗೂ ಹೇಳಬಾರದೇನಣ್ಣಾ?”

ಆ ತಾಯಿಯ ಸಂಕಟ ನನಗೆ ಗೊತ್ತು. ನಾನೂ ನನ್ನ ಅವ್ವನಿಗೆ ಹೇಳದೆ ಹೊರಟವನೇ. “ಅವನು ಹೇಳದೆ ಇರೋದೇ ಅವನು ಚೆನ್ನಾಗಿ ಕೆಲಸ ಮಾಡ್ತಿದ್ದಾನೆ ಅನ್ನೋದಕ್ಕೆ ಸಾಕ್ಷಿ ಕಣಮ್ಮ” ಎಂದೆ. ಒಂದು ಹಡಗು ಯಾವತ್ತು ಹೊರಡುತ್ತದೆ ಎಂದು ಒಬ್ಬ ತಾಯಿಗೆ ತಿಳಿದರೆ ಅಪಾಯವಿಲ್ಲ. ಆದರೆ ತಾಯಿ ಅದನ್ನು ಹೆಮ್ಮೆಯಿಂದ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುತ್ತಾರೆ, ಅಲ್ಲಿಂದ ಭಾವಮೈದುನ ಊರಿನ ಗುಂಪಿಗೆ, ಅಲ್ಲಿಂದ ಯಾರೋ ಫೇಸ್‌ಬುಕ್ಕಿಗೆ. ಬೇರೆ ಬೇರೆ ಊರಿನ ಹತ್ತು ಮನೆಗಳ ಇಂಥ ಹತ್ತು ತುಣುಕುಗಳನ್ನು ಒಂದೆಡೆ ಜೋಡಿಸಿದರೆ ಹಡಗಿನ ದಿನಚರಿಯೇ ಸಿಗುತ್ತದೆ. ಜೋಡಿಸಲೆಂದೇ ಸಂಬಳಕ್ಕೆ ಕೂತವರಿದ್ದಾರೆ.

ಹಡಗಿನೊಳಗಿನ ತಪಾಸಣೆಯನ್ನು ನೌಕಾಪಡೆ ಮಾಡುತ್ತದೆ. ಮನೆಯೊಳಗೆ ಬಂದು ತಪಾಸಣೆ ಮಾಡಲು ಅದಕ್ಕೆ ಆಗುವುದಿಲ್ಲ, ಆಗಲೂಬಾರದು. ಆ ಭಾಗ ನಮ್ಮದು. ಮಗನೋ ಮಗಳೋ ನೌಕಾಪಡೆಯಲ್ಲಿದ್ದರೆ ಹೆಮ್ಮೆ ಪಡಿ, ಸಮವಸ್ತ್ರದ ಫೋಟೊ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿ. ಯಾವ ಹಡಗು, ಯಾವ ಬಂದರು, ಯಾವ ದಿನ, ಈ ಮೂರನ್ನು ಫೋನಿನಲ್ಲಿ ಹಂಚಬೇಡಿ. ರಜೆಗೆ ಬಂದ ಹುಡುಗನ ಹಿಂದೆ ಅಪರಿಚಿತರ ಗೆಳೆತನ, ಕಾರಣವಿಲ್ಲದ ದುಡ್ಡು ಕಂಡರೆ ಮುಚ್ಚಿಡಬೇಡಿ, ಬೈದು ಸುಮ್ಮನಾಗಲೂ ಬೇಡಿ. ಅವನೇ ತನ್ನ ಅಧಿಕಾರಿಗೆ ಹೇಳುವಂತೆ ಮಾಡಿ. ಮೊದಲ ದಿನವೇ ಹೇಳಿಕೊಂಡವನನ್ನು ಉಳಿಸಬಹುದು, ತಿಂಗಳುಗಟ್ಟಲೆ ಮುಚ್ಚಿಟ್ಟವನನ್ನು ಉಳಿಸುವುದು ಕಷ್ಟ. ರಕ್ಷಣಾ ಕಾರ್ಖಾನೆಗಳಲ್ಲಿ, ಹಡಗುಕಟ್ಟೆಗಳಲ್ಲಿ ಗುತ್ತಿಗೆ ಕೆಲಸಕ್ಕೆ ಹೋಗುವವರಿಗೂ ಇದೇ ಮಾತು: ಒಳಗಿನ ಫೋಟೊಗೆ ಯಾರಾದರೂ ದುಡ್ಡು ಕೊಡುತ್ತೇನೆಂದರೆ, ಅದೇ ದಿನ ಹತ್ತಿರದ ಪೊಲೀಸ್ ಠಾಣೆಗೆ ಹೋಗಿ, ಇಲ್ಲವೇ 112ಕ್ಕೆ ಫೋನು ಮಾಡಿ.